ಯಾರೂ ಹೇಳದ ಪದವನ್ನು ನಾನು ಬರೆದಿದ್ದೆ

ಸಮನ್ಸ್ ಬಂದಾಗ ನಾನು ನೈಟ್ ಡ್ಯೂಟಿ ಮುಗಿಸಿ ಮುಂದಿನ ಡಾಕ್ಟರಿಗೆ ಹ್ಯಾಂಡೋವರ್ ಕೊಡುತ್ತಿದ್ದೆ. ಎಂಆರ್‌ಡಿ (ದಾಖಲೆ ವಿಭಾಗ) ಹುಡುಗ ಕವರ್ ತಂದು ಕೌಂಟರ್ ಮೇಲಿಟ್ಟ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ, ಒಂದು ಎಂವಿಸಿ (ಪರಿಹಾರದ ಕೇಸ್) ನಂಬರ್, ನನ್ನ ಹೆಸರು. ಒರಿಜಿನಲ್ ಕೇಸ್ ಶೀಟ್ ಸಮೇತ ಸಾಕ್ಷಿ ಹೇಳಲು ಬರಬೇಕು. ರೋಗಿಯ ಹೆಸರು ಓದಿದೆ, ನೆನಪಾಗಲಿಲ್ಲ. ಕ್ಯಾಶುವಾಲ್ಟಿಯಲ್ಲಿ ಕೂತವರ ತಲೆಯಲ್ಲಿ ಹೆಸರುಗಳು ಉಳಿಯುವುದಿಲ್ಲ. ಫೈಲ್ ತರಿಸಿ ನನ್ನ ಕೈಬರಹ ನೋಡಿದ ಮೇಲೆ ಎಲ್ಲ ನೆನಪಾಯಿತು. ರೋಗಿಗಿಂತ ಮೊದಲು ಅವನ ಹೆಂಡತಿಯ ಮುಖ.

2022ರ ಮಳೆಗಾಲ. ಆ ರಾತ್ರಿ ಎರಡು ಗಂಟೆಯೊಳಗೆ ಮೂರು ಆರ್‌ಟಿಎ (ರಸ್ತೆ ಅಪಘಾತ), ಒಂದು ಪಾಯ್ಸನಿಂಗ್. ಇದ್ದದ್ದು ನಾನು, ಇಬ್ಬರು ಸಿಸ್ಟರ್, ಒಬ್ಬ ಇಂಟರ್ನ್. ಮೂರನೆಯ ಆರ್‌ಟಿಎ 34 ವರ್ಷದ ಗಾರೆ ಕೆಲಸದವನು. ತಲೆಗೆ ಗಾಯ, ಬಲ ಮೊಣಕಾಲು ಊದಿಕೊಂಡಿತ್ತು, ಜಿಸಿಎಸ್ (ಎಚ್ಚರದ ಅಳತೆ) 13, ಅಂದರೆ ಪೂರ್ತಿ ಎಚ್ಚರವಿರಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಆಟೋದಲ್ಲಿ ಹಾಕಿಕೊಂಡು ತಂದಿದ್ದರು. ಏನಾಯ್ತು ಎಂದೆ. "ಬೈಕಿಂದ ಬಿದ್ದಿದ್ರು ಸರ್, ರೋಡಲ್ಲಿ" ಎಂದ ಒಬ್ಬ. ಬೀಳುವುದನ್ನು ನೋಡಿದಿರಾ, ಬಿದ್ದ ಮೇಲೆ ನೋಡಿದಿರಾ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹತ್ತು ಸೆಕೆಂಡ್ ಹಿಡಿಯುತ್ತಿತ್ತು ಅಷ್ಟೆ.

ನಮ್ಮ ಆಸ್ಪತ್ರೆಯ ಸಾಫ್ಟ್‌ವೇರ್ ಎಚ್‌ಎಂಎಸ್‌ನಲ್ಲಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸ್) ಎಂಟ್ರಿ ತೆರೆದರೆ ಒಂದು ಡ್ರಾಪ್‌ಡೌನ್ ಬರುತ್ತದೆ. ವಾಹನ ಡಿಕ್ಕಿ, ಸೆಲ್ಫ್ ಫಾಲ್ (ತಾನೇ ಬಿದ್ದದ್ದು), ಅಸಾಲ್ಟ್ (ಹಲ್ಲೆ), ಬರ್ನ್ಸ್, ಪಾಯ್ಸನಿಂಗ್. 'ಗೊತ್ತಿಲ್ಲ' ಎಂಬ ಆಯ್ಕೆ ಇಲ್ಲ. ಮಾಹಿತಿ ಕೊಟ್ಟವರು ಯಾರು ಎಂಬ ಕಾಲಂ ಇಲ್ಲ. ಏನನ್ನಾದರೂ ಆರಿಸುವವರೆಗೆ ಸಿಟಿ ಸ್ಕ್ಯಾನ್ ರಿಕ್ವೆಸ್ಟ್ ಮುಂದಕ್ಕೆ ಹೋಗುವುದಿಲ್ಲ. ತಲೆಗೆ ಪೆಟ್ಟಾದವನನ್ನು ಎದುರಿಗಿಟ್ಟುಕೊಂಡು ನಾನು ಸೆಲ್ಫ್ ಫಾಲ್ ಒತ್ತಿದೆ. ಕೇಸ್ ಶೀಟಿನಲ್ಲೂ ಅದನ್ನೇ ಬರೆದೆ: ಬೈಕ್ ಸ್ಕಿಡ್, ಸೆಲ್ಫ್ ಫಾಲ್. ಪೊಲೀಸ್ ಇಂಟಿಮೇಶನ್ ಕೂಡ ಹಾಗೆಯೇ ಹೋಯಿತು.

ಸ್ಕಿಡ್ ಎಂಬ ಪದವನ್ನು ಅಲ್ಲಿ ಯಾರೂ ಹೇಳಿರಲಿಲ್ಲ. ಹೊರಗೆ ಮಳೆ ಬರುತ್ತಿತ್ತು, ನಾನೇ ಸೇರಿಸಿದೆ.

ಮೂರನೆಯ ದಿನ ಅವನ ಹೆಂಡತಿ ಬಂದಳು. ಆಪರೇಶನ್ ಆಗಿತ್ತು, ಪ್ಲೇಟ್ ಹಾಕಿದ್ದರು. "ಸರ್, ಅವ್ರು ಸುಮ್ನೆ ಬಿದ್ದಿದ್ದಲ್ಲ. ಹಿಂದಿನಿಂದ ಪಿಕಪ್ ಗುದ್ದಿದ್ದು. ಚೀಟೀಲಿ ತಪ್ಪು ಬರ್ದಿದೆ, ಸರಿ ಮಾಡಿಕೊಡಿ" ಎಂದಳು. ನನಗೆ ಸಿಟ್ಟು ಬಂತು. ಇಲ್ಲದ ವಾಹನವನ್ನು ಸೇರಿಸಿ ಕ್ಲೇಮ್ ಹಾಕುವವರೂ ಇದ್ದಾರೆ. ನಮ್ಮಲ್ಲಿ ಎಲ್ಲರೂ ಅಂಥ ಒಂದಾದರೂ ಕೇಸ್ ನೋಡಿದ್ದೇವೆ. ಇದೂ ಅದೇ ಎಂದು ಅರ್ಧ ನಿಮಿಷದಲ್ಲಿ ತೀರ್ಮಾನಿಸಿಬಿಟ್ಟೆ. "ಎಂಎಲ್‌ಸಿ ತಿದ್ದೋಕಾಗಲ್ಲಮ್ಮ, ನಿಮಗೆ ಬೇಕಾದ ಹಾಗೆ ಬರೆಯೋದು ನಮ್ಮ ಕೆಲಸ ಅಲ್ಲ" ಎಂದೆ. ಅವಳು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು. ಆಮೇಲೆ ಹೋದಳು.

ತಿದ್ದಲು ಆಗುವುದಿಲ್ಲ ಎಂಬುದು ನಿಜ. ಮೊದಲು ಬರೆದ ಸಾಲನ್ನು ಹೊಡೆದು ಹಾಕಬಾರದು, ಮೇಲೆ ಬರೆಯಬಾರದು. ಆದರೆ ಹೊಸ ಎಂಟ್ರಿ ಹಾಕಲು ಯಾವ ಅಡ್ಡಿಯೂ ಇರಲಿಲ್ಲ. ವಾರ್ಡಿಗೆ ಹೋಗಿ ರೋಗಿಯನ್ನೇ ಕೇಳಿ, 'ಈಗ ಎಚ್ಚರವಾಗಿದ್ದಾನೆ, ಹಿಂದಿನಿಂದ ವಾಹನ ಗುದ್ದಿತು ಎನ್ನುತ್ತಾನೆ' ಎಂದು ದಿನಾಂಕ, ಸಮಯ ಹಾಕಿ ಸಹಿ ಮಾಡಬಹುದಿತ್ತು. ಅವನ ಮಾತು ನಿಜವೋ ಸುಳ್ಳೋ ನೋಡುವುದು ಪೊಲೀಸರ ಕೆಲಸ, ಕೋರ್ಟಿನ ಕೆಲಸ. ಹೇಳಿದ್ದನ್ನು ಬರೆಯುವುದಷ್ಟೇ ನನ್ನದು. ಆರ್ಥೋ (ಮೂಳೆ) ವಾರ್ಡ್ ಇದ್ದದ್ದು ಒಂದೇ ಒಂದು ಮಹಡಿ ಮೇಲೆ.

ಸಾಕ್ಷಿಗೆ ಹೋಗುವ ಮೊದಲು ನಾನು ಇನ್ನೊಂದು ತಪ್ಪು ಮಾಡಿದೆ. ಫೈಲಿನಲ್ಲಿ ನನ್ನ ಪುಟ ಮಾತ್ರ ಓದಿದೆ. ಉಳಿದದ್ದು ನನಗೆ ಸಂಬಂಧವಿಲ್ಲ ಎಂದುಕೊಂಡೆ.

ಪಿಡಬ್ಲ್ಯು-3, ಅಂದರೆ ಅರ್ಜಿದಾರನಾದ ಆ ರೋಗಿಯ ಕಡೆಯ ಮೂರನೇ ಸಾಕ್ಷಿಯಾಗಿ ನಿಂತೆ. ಅರ್ಜಿದಾರರ ವಕೀಲರು ವೂಂಡ್ ಸರ್ಟಿಫಿಕೇಟ್ (ಗಾಯದ ಪ್ರಮಾಣಪತ್ರ) ತೋರಿಸಿ ಸಹಿ ನನ್ನದೇ ಎಂದು ಹೇಳಿಸಿದರು, ಕೇಸ್ ಶೀಟ್ ಸಾಕ್ಷ್ಯವಾಗಿ ಮಾರ್ಕ್ ಆಯಿತು. ಎರಡೇ ನಿಮಿಷ. ಆಮೇಲೆ ಇನ್ಶೂರೆನ್ಸ್ ಕಂಪನಿಯ ವಕೀಲರು ಎದ್ದರು. ದನಿ ಏರಿಸಲಿಲ್ಲ, ನಿಧಾನವಾಗಿ ಕೇಳಿದರು.

"ಇದನ್ನು ಬರೆದದ್ದು ನೀವೇ ತಾನೆ?"

"ಹೌದು."

"ಕೇಳಿ ತಿಳಿದುಕೊಂಡೇ ಬರೆಯುತ್ತೀರಿ, ಅಲ್ವಾ?"

"ಹೌದು."

"ಯಾವುದೇ ವಾಹನ ಗುದ್ದಿದ ಬಗ್ಗೆ ಇಲ್ಲಿ ಒಂದು ಅಕ್ಷರವೂ ಇಲ್ಲ."

"ಇಲ್ಲ."

"ದೂರು ಕೊಟ್ಟದ್ದು ನಾಲ್ಕು ದಿನದ ಮೇಲೆ. ಹಾಗಾದರೆ ಅಪಘಾತವಾದ ರಾತ್ರಿಯೇ ಬರೆದ ನಿಮ್ಮ ದಾಖಲೆ ಸತ್ಯ, ಆಮೇಲೆ ಹುಟ್ಟಿದ ಕಥೆ ಸುಳ್ಳು ಎಂದರೆ ಒಪ್ಪುತ್ತೀರಾ?"

ಬಾಯಿ ಒಣಗಿತು. ಹೌದು ಎಂದರೆ ಅವನ ಕೇಸ್ ಅಲ್ಲಿಗೇ ಮುಗಿದ ಹಾಗೆ. ಇಲ್ಲ ಎಂದರೆ ಸುಳ್ಳು ದಾಖಲೆ ಬರೆದೆ ಎಂದು ನಾನೇ ಒಪ್ಪಿಕೊಂಡ ಹಾಗೆ. ಎದುರು ಬೆಂಚಿನಲ್ಲಿ ಅವನು ಕೂತಿದ್ದ. ಬಲಗಾಲು ಮಡಚಲಾಗದೆ ಮುಂದಕ್ಕೆ ಚಾಚಿಕೊಂಡಿದ್ದ. ಪಕ್ಕದಲ್ಲಿ ಅವಳು. ನಾನು ಎಷ್ಟು ಹೊತ್ತು ಸುಮ್ಮನಿದ್ದೆನೋ ಗೊತ್ತಿಲ್ಲ, ಟೈಪಿಸ್ಟ್ ಕೈ ನಿಲ್ಲಿಸಿ ನನ್ನ ಕಡೆ ತಿರುಗಿದರು.

ಆಗ ನ್ಯಾಯಾಧೀಶರು ಕೇಳಿದರು. "ಡಾಕ್ಟರೇ, ಇದನ್ನು ನಿಮಗೆ ಹೇಳಿದ್ದು ಯಾರು? ರೋಗಿಯಾ?"

"ಅಲ್ಲ. ಕರೆತಂದವರು."

"ಹಾಗಂತ ಎಲ್ಲಿ ಬರೆದಿದ್ದೀರಿ?"

ನಾನು ಬರೆದಿರಲಿಲ್ಲ. ಫೈಲ್ ಕೊಡಿ ಎಂದೆ. ಪುಟ ತಿರುವುವಾಗ ಕೈ ನಡುಗುತ್ತಿತ್ತು. ನರ್ಸಿಂಗ್ ಚಾರ್ಟ್ ಸಿಕ್ಕಿತು. ಆ ರಾತ್ರಿಯ ಸಿಸ್ಟರ್ ಮೂರು ಸಾಲು ಬರೆದಿದ್ದರು. ಕರೆತಂದವರು ದಾರಿಹೋಕರು, ಸಂಬಂಧಿಕರಲ್ಲ. ರೋಗಿಗೆ ಮಂಪರು, ಹೆಸರು ಮಾತ್ರ ಹೇಳುತ್ತಾನೆ. ಹೇಗಾಯಿತು ಎಂದು ಕೇಳಿದರೆ ಉತ್ತರವಿಲ್ಲ. ಇನ್ನೂ ನಾಲ್ಕು ಪುಟ ಮುಂದೆ ಮರುದಿನ ಬೆಳಗಿನ ರೌಂಡ್ಸ್ ನೋಟ್. ರೋಗಿ ಪೂರ್ತಿ ಎಚ್ಚರ, ಹಿಂದಿನಿಂದ ಪಿಕಪ್ ಗುದ್ದಿತು ಎನ್ನುತ್ತಾನೆ ಎಂದು ಆರ್ಥೋ ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿ) ಬರೆದಿದ್ದ. ಅಂದರೆ ಅವಳು ನನ್ನ ಮುಂದೆ ನಿಂತಿದ್ದ ದಿನ ಆ ಸಾಲು ಫೈಲಿನಲ್ಲಿ ಆಗಲೇ ಇತ್ತು. ದೂರು ಕೊಡುವುದಕ್ಕೂ ಮೊದಲು.

ಎರಡನ್ನೂ ಗಟ್ಟಿಯಾಗಿ ಓದಿದೆ. ಬೈಕ್ ಸ್ಕಿಡ್ ಆಯಿತು ಎಂದು ಯಾರೂ ಹೇಳಿರಲಿಲ್ಲ, ಆ ಪದ ನನ್ನದು ಎಂದೂ ಹೇಳಿದೆ. ಅದು ರೆಕಾರ್ಡ್ ಆಯಿತು. ಇನ್ಶೂರೆನ್ಸ್ ವಕೀಲರು ಇನ್ನೆರಡು ಪ್ರಶ್ನೆ ಕೇಳಿ ಕೂತರು. ಅವರ ಮೇಲೆ ನನಗೆ ಬೇಸರವಿಲ್ಲ. ಅವರು ಓದಿದ್ದು ನಾನು ಬರೆದದ್ದನ್ನೇ.

ಅರ್ಜಿದಾರರ ವಕೀಲರು ಈ ಪುಟಗಳನ್ನು ಮೊದಲೇ ಏಕೆ ನೋಡಿರಲಿಲ್ಲ ಎಂದು ಹೊರಗೆ ಬಂದು ಕೇಳಿದೆ. ಅವರ ಬಳಿ ಇದ್ದದ್ದು ಡಿಸ್ಚಾರ್ಜ್ ಸಮ್ಮರಿ ಮತ್ತು ವೂಂಡ್ ಸರ್ಟಿಫಿಕೇಟ್ ಮಾತ್ರ. ಎರಡರಲ್ಲೂ ನನ್ನ ಅದೇ ಸಾಲು ಕಾಪಿ ಪೇಸ್ಟ್ ಆಗಿತ್ತು. ಪೂರ್ತಿ ಕೇಸ್ ಶೀಟ್ ಕೇಳಬಹುದು ಎಂದು ಆ ಮನೆಯವರಿಗೆ ಯಾರೂ ಹೇಳಿರಲಿಲ್ಲ. ರೋಗಿಯೋ ಅವನ ಪರವಾದವರೋ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯರ ನಡವಳಿಕೆಯ 2002ರ ನಿಯಮಗಳಲ್ಲೇ ಇದೆ. ಇದನ್ನು ಓದುವವರಲ್ಲಿ ಯಾರಿಗಾದರೂ ಇಂಥ ಸ್ಥಿತಿ ಬಂದರೆ ಬಾಯಲ್ಲಿ ಕೇಳಬೇಡಿ. ಅರ್ಜಿ ಬರೆದು ಕೊಡಿ, ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಹಿಸ್ಟರಿ (ಹೇಗಾಯಿತು ಎಂಬ ವಿವರ) ತಪ್ಪಾಗಿದ್ದರೆ ಅದನ್ನೂ ಕಾಗದದಲ್ಲೇ ಹೇಳಿ. ಅವಳು ಅಂದು ಬರೆದು ಕೊಟ್ಟಿದ್ದರೆ ನನಗೆ ಅವಳನ್ನು ಅಷ್ಟು ಸುಲಭವಾಗಿ ಕಳಿಸಲು ಆಗುತ್ತಿರಲಿಲ್ಲ.

ದೂರು ತಡವಾದದ್ದರ ಬಗ್ಗೆ ವಕೀಲರಿಗೆ ಅಷ್ಟು ಭಯವಿರಲಿಲ್ಲ. ಮನೆಯವರು ಮೊದಲು ಚಿಕಿತ್ಸೆ ನೋಡುತ್ತಾರೆ, ಎಫ್‌ಐಆರ್ ತಡವಾಯಿತು ಎಂಬ ಒಂದೇ ಕಾರಣಕ್ಕೆ ಕ್ಲೇಮ್ ಬೀಳಬಾರದು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ರವಿ ವಿರುದ್ಧ ಬದ್ರಿನಾರಾಯಣ ಕೇಸಿನಲ್ಲಿ ಹೇಳಿದೆಯಂತೆ. ಕ್ರಿಮಿನಲ್ ಕೇಸಿನಷ್ಟು ಬಿಗಿಯಾದ ಪುರಾವೆಯೂ ಇಲ್ಲಿ ಬೇಕಿಲ್ಲ, ಯಾವುದು ಹೆಚ್ಚು ಸಂಭವ ಎಂದು ನೋಡುತ್ತಾರೆ. ಆದರೆ ತಡವಾದ ದೂರಿನ ಜೊತೆ ಆಸ್ಪತ್ರೆಯ ಸೆಲ್ಫ್ ಫಾಲ್ ಸೇರಿದರೆ ಕಷ್ಟ ಎಂದರು. ತಾನೇ ಬಿದ್ದವನಿಗೆ ಬೇರೆಯವರ ವಾಹನದ ಇನ್ಶೂರೆನ್ಸ್‌ನಿಂದ ಏನೂ ಬರುವುದಿಲ್ಲ.

ಆ 'ಏನೂ' ಎಂದರೆ ಎಷ್ಟು ಎಂದು ಕೇಳಿದೆ. ಅವರು ಫೈಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿ ತೋರಿಸಿದರು. ತಿಂಗಳಿಗೆ 15,000 ದುಡಿಮೆ ಎಂದು ಹಿಡಿದರೆ ವರ್ಷಕ್ಕೆ 1,80,000. 34 ವಯಸ್ಸಿಗೆ ಮಲ್ಟಿಪ್ಲೈಯರ್ (ವಯಸ್ಸಿಗೆ ತಕ್ಕಂತೆ ಗುಣಿಸುವ ಸಂಖ್ಯೆ) 16. ನಮ್ಮ ಆರ್ಥೋ ಸೀನಿಯರ್ ಕೊಟ್ಟ ಊನದ ಲೆಕ್ಕ ಕಾಲಿಗೆ 36%, ಇಡೀ ದೇಹಕ್ಕೆ 12%. ಆ 12ನ್ನೇ ಹಿಡಿದರೆ 3,45,600. ಆದರೆ ಗಾರೆ ಕೆಲಸದವನು ಕುಕ್ಕರುಗಾಲಲ್ಲಿ ಕೂರಬೇಕು, ಸಾರುವೆ ಹತ್ತಬೇಕು. ಆ ಮೊಣಕಾಲಲ್ಲಿ ಎರಡೂ ಆಗುವುದಿಲ್ಲ. ದೇಹಕ್ಕೆ ಎಷ್ಟು ಊನ ಎನ್ನುವುದಕ್ಕಿಂತ ಅವನ ಕೆಲಸಕ್ಕೆ ಎಷ್ಟು ಹೊಡೆತ ಎಂದು ನೋಡಬೇಕು ಎಂಬುದು ಸುಪ್ರೀಂ ಕೋರ್ಟಿನ 2010ರ ರಾಜ್‌ಕುಮಾರ್ ತೀರ್ಪು. ಎಡಗೈ ಹೋದರೆ ಡ್ರೈವರ್‌ಗೋ ಬಡಗಿಗೋ ದುಡಿಮೆಯೇ ಹೋದ ಹಾಗೆ, ಸರ್ಕಾರಿ ಗುಮಾಸ್ತನಿಗೆ ಕೆಲಸ ಉಳಿಯಬಹುದು ಎಂಬ ಉದಾಹರಣೆ ಅದರಲ್ಲಿದೆ. 30% ಎಂದು ಒಪ್ಪಿದರೆ ಅದೇ ಲೆಕ್ಕ 8,64,000 ಆಗುತ್ತದೆ. ಚಿಕಿತ್ಸೆಯ ಖರ್ಚು, ನೋವು, ಕೆಲಸವಿಲ್ಲದೆ ಮಲಗಿದ ತಿಂಗಳುಗಳು ಬೇರೆ. ಮತ್ತೊಂದು ಕಡೆ ಸೊನ್ನೆ. ನಡುವೆ ಇದ್ದದ್ದು ಡ್ರಾಪ್‌ಡೌನಿನಲ್ಲಿ ನಾನು ಒತ್ತಿದ ಒಂದು ಸಾಲು.

ಮೆಟ್ಟಿಲ ಬಳಿ ಅವಳು ಸಿಕ್ಕಳು. ಕ್ಷಮಿಸಿ ಎಂದೆ. "ಅವತ್ತೇ ಹೇಳಿದ್ನಲ್ಲ ಸರ್" ಎಂದಳು. ಜಾಸ್ತಿ ಏನೂ ಹೇಳಲಿಲ್ಲ. ಗಂಡನ ತೋಳು ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ಹೋದಳು.

ಕೆಲವು ತಿಂಗಳ ಮೇಲೆ ವಕೀಲರೇ ಫೋನ್ ಮಾಡಿ ತಿಳಿಸಿದರು. ಪಿಕಪ್ ಗುದ್ದಿದ್ದು ನಿಜವೆಂದು ನ್ಯಾಯಮಂಡಳಿ ಒಪ್ಪಿತ್ತು. ತೀರ್ಪಿನಲ್ಲಿ ನರ್ಸಿಂಗ್ ಚಾರ್ಟ್ ಹೆಸರು ಹೇಳಿ ಬರೆದಿದ್ದಾರೆ ಎಂದರು. ಆ ಸಿಸ್ಟರ್ ಈಗ ಬೇರೆ ಆಸ್ಪತ್ರೆಯಲ್ಲಿದ್ದಾರೆ. ನಂಬರ್ ಹುಡುಕಿ ಫೋನ್ ಮಾಡಿದೆ. ಅವರಿಗೆ ಆ ರಾತ್ರಿ ನೆನಪೇ ಇರಲಿಲ್ಲ. "ಯಾವಾಗಲೂ ಬರೆಯೋದೇ ಅಲ್ವಾ ಸರ್" ಎಂದರು.

ಈಗ ಪ್ರತಿ ಹೊಸ ಇಂಟರ್ನ್‌ಗೆ ಮೊದಲ ದಿನವೇ ಹೇಳುತ್ತೇನೆ. ಹಿಸ್ಟರಿ ಯಾರು ಹೇಳಿದರೋ ಅವರನ್ನು ಬರೆಯಿರಿ. ಅವರು ಕಣ್ಣಾರೆ ನೋಡಿದ್ದಾ ಎಂದು ಬರೆಯಿರಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಿರಿ. ರೋಗಿಗೆ ಎಚ್ಚರ ಬಂದ ಮೇಲೆ ಇನ್ನೊಮ್ಮೆ ಹೋಗಿ ಕೇಳಿ.

ಮ್ಯಾನೇಜ್‌ಮೆಂಟ್‌ಗೆ ಇದೇ ವಿಷಯಕ್ಕೆ ಮೂರು ಮೇಲ್ ಹಾಕಿದ್ದೇನೆ. ಆಡಿಟ್‌ಗೆ ಮುಂಚೆ ಫೈಲಿನ ಖಾಲಿ ಕಾಲಂಗಳನ್ನು ತುಂಬಿಸಲು ಎರಡು ದಿನ ಟ್ರೇನಿಂಗ್ ಇಡುತ್ತಾರೆ. ಎಂಎಲ್‌ಸಿ ಹಿಸ್ಟರಿ ಬರೆಯುವುದು ಹೇಗೆ ಎಂದು ಅರ್ಧ ಗಂಟೆಯೂ ಇಲ್ಲ. ಡ್ರಾಪ್‌ಡೌನ್ ಬದಲಿಸುವುದು ವೆಂಡರ್ ಕೆಲಸ, ಮುಂದಿನ ವರ್ಶನ್‌ನಲ್ಲಿ ನೋಡೋಣ ಎಂಬುದು ಮೂರು ಸಲವೂ ಬಂದ ಉತ್ತರ. 'ಮಾಹಿತಿ ಕೊಟ್ಟವರು' ಎಂದು ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿ ಕ್ಯಾಶುವಾಲ್ಟಿಯಲ್ಲಿ ಇಟ್ಟಿದ್ದೇವೆ. ಸದ್ಯಕ್ಕೆ ಪ್ರತಿ ಎಂಎಲ್‌ಸಿ ಶೀಟಿಗೂ ಅದನ್ನು ಒತ್ತಿ ಕೈಯಲ್ಲೇ ತುಂಬುತ್ತಿದ್ದೇವೆ.