14 ನಿಮಿಷದ್ದೇ ಬೇಕು

ಜುಲೈ ಬಂತೆಂದರೆ ಆಲ್ದೂರು ಕಡೆ ನೆಟ್‌ವರ್ಕ್ ನಂಬಿಕೊಂಡು ಹಾಡು ಕೇಳಲು ಆಗುವುದಿಲ್ಲ. ಎಲ್ಲೋ ಲೈನ್ ಮೇಲೆ ಮರ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತದೆ. ಹಾಗಾಗಿ ಮಳೆ ಹಿಡಿಯುವ ಮುಂಚೆಯೇ ಚಿಕ್ಕಮಗಳೂರಿಗೆ ಹೋದಾಗ ಮೆಮೊರಿ ಕಾರ್ಡ್ ತುಂಬಿಸಿಕೊಂಡು ಬರುತ್ತೇನೆ. ನಾನು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕಪತ್ರ ಬರೆಯುವ ಕೆಲಸ. ಬೆಳಿಗ್ಗೆ ಮಳೆ ಎಷ್ಟು ಇಂಚು, ಎಷ್ಟು ಸೆಂಟು ಅಂತ ಅಳೆದು ಬರೆದು, ಆಳುಗಳ ಹಾಜರಿಯ ಚೆಕ್‌ರೋಲ್ ಮುಗಿಸಿದರೆ ಆಮೇಲೆ ಸುಮ್ನೆ ಕೂರುವ ಹೊತ್ತು ಜಾಸ್ತಿ. ಕಾರ್ಡಿನಲ್ಲಿ ಇರುವುದು ಹೆಚ್ಚಾಗಿ ಓಲ್ಡ್ ಸ್ಕೂಲ್, ಅಂದರೆ ಶುರುವಿನ ಕಾಲದ, ಹಿಪ್‌ಹಾಪ್. ಅದೂ ಬೇರೆ ಬೇರೆಯವರ ಹಾಡು ಆರಿಸಿ ಒಟ್ಟುಗೂಡಿಸಿದ ಕಲೆಕ್ಷನ್‌ಗಳು.

ನನ್ನ ತಂಗಿಯ ಮಗ ಇದಕ್ಕೆ ನಗುತ್ತಾನೆ. ಹಾಸನದಲ್ಲಿ ಓದುತ್ತಿದ್ದಾನೆ, ಕನ್ನಡದಲ್ಲಿ ರ‍್ಯಾಪ್ ಬರೆಯುತ್ತಾನೆ. ಕಲೆಕ್ಷನ್ ಕೇಳುವವರು ಸೋಮಾರಿಗಳು, ಆಲ್ಬಂ ಹಿಡಿದು ಮೊದಲಿಂದ ಕೊನೆತನಕ ಕೇಳಬೇಕು ಅನ್ನುವುದು ಅವನ ವಾದ. ಅವನು ಕೇಳುವ 90ರ ದಶಕದ ರ‍್ಯಾಪ್‌ಗೆ ಈ ಮಾತು ಸರಿಯೇ. 1979ರಿಂದ 83ರ ತನಕದ್ದಕ್ಕೆ ಮಾತ್ರ ನಾನು ಸುತಾರಾಂ ಒಪ್ಪುವುದಿಲ್ಲ. ಆಗ ರ‍್ಯಾಪ್ ಬರುತ್ತಿದ್ದದ್ದೇ 12 ಇಂಚಿನ ಸಿಂಗಲ್ ರೆಕಾರ್ಡಿನಲ್ಲಿ. ಒಂದು ರೆಕಾರ್ಡು, ಒಂದು ಹಾಡು, ಹಿಂದೆ ಅದರದ್ದೇ ಬರೀ ವಾದ್ಯ. ಆಲ್ಬಂ ಅಂತ ಮಾಡಿದರೂ ಒಂದೆರಡು ಒಳ್ಳೆಯ ಹಾಡು, ಉಳಿದದ್ದು ಜಾಗ ತುಂಬಿಸಲು. 1984ರಲ್ಲಿ ರನ್ ಡಿಎಂಸಿ ತಂಡದವರು ತಮ್ಮ ಮೊದಲ ಆಲ್ಬಂ ತಂದ ಮೇಲೆ ಲೆಕ್ಕ ಬದಲಾಯಿತು, ಬಿಡಿ. ಅದಕ್ಕಿಂತ ಹಿಂದಿನದು ಬೇಕಾದರೆ ಯಾರಾದರೂ ಆರಿಸಿ ಒಟ್ಟುಗೂಡಿಸಲೇಬೇಕು.

ಇನ್ನೂ ಹಿಂದಕ್ಕೆ ಹೋದರೆ ಹಿಪ್‌ಹಾಪ್ ಶುರುವಾದದ್ದೇ ಆರಿಸುವ ಕೆಲಸದಿಂದ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಡ್ಜ್‌ವಿಕ್ ಅವೆನ್ಯೂ ಅನ್ನುವ ಅಪಾರ್ಟ್‌ಮೆಂಟಿನಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಒಂದು ಪಾರ್ಟಿ ಇಟ್ಟಳು. ಸ್ಕೂಲು ಶುರುವಾಗುವ ಮುಂಚೆ ಹೊಸ ಬಟ್ಟೆಗೆ ದುಡ್ಡು ಬೇಕಿತ್ತು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ರೆಕಾರ್ಡು ಹಾಕಿದವನು ಅವಳ ಅಣ್ಣ, ಜಮೈಕಾದಿಂದ ಬಂದ ಕೂಲ್ ಹರ್ಕ್. ಜನ ಕುಣಿಯುವುದು ಇಡೀ ಹಾಡಿಗಲ್ಲ, ನಡುವೆ ಹಾಡು ನಿಂತು ಡ್ರಮ್ಮು ಮಾತ್ರ ಬರುವ ಆ ಬ್ರೇಕಿಗೆ ಅಂತ ಅವನಿಗೆ ಗೊತ್ತಾಯಿತು. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಒಂದಾದ ಮೇಲೆ ಒಂದು ಬ್ರೇಕನ್ನೇ ನುಡಿಸಿದ. ಆಮೇಲೆ ಮಾಡಿದ ಕೆಲಸ ನೋಡಿ: ಬೇರೆ ಡಿಜೆಗಳಿಗೆ ಹಾಡಿನ ಹೆಸರು ಗೊತ್ತಾಗಬಾರದೆಂದು ರೆಕಾರ್ಡುಗಳನ್ನು ನೀರಿನಲ್ಲಿ ನೆನೆಸಿ ಲೇಬಲ್ ಕಿತ್ತುಬಿಟ್ಟ.

ಹೀಗೆ ಬಚ್ಚಿಟ್ಟದ್ದನ್ನು ಬಯಲಿಗೆ ತಂದದ್ದು ಕಲೆಕ್ಷನ್‌ಗಳೇ. 1986ರಿಂದ 91ರವರೆಗೆ ‘ಅಲ್ಟಿಮೇಟ್ ಬ್ರೇಕ್ಸ್ ಅಂಡ್ ಬೀಟ್ಸ್’ ಅಂತ 25 ಸಂಪುಟ ಬಂದವು. ಡಿಜೆಗಳು ಗುಟ್ಟಾಗಿ ಬಳಸುತ್ತಿದ್ದ ಹಾಡುಗಳೆಲ್ಲ ಹೆಸರು ಸಮೇತ ಅಂಗಡಿಯಲ್ಲಿ ಸಿಕ್ಕವು. ವಿನ್‌ಸ್ಟನ್ಸ್ ತಂಡದ 1969ರ ‘ಆಮೆನ್, ಬ್ರದರ್’ ಅದರ ಮೊದಲ ಸಂಪುಟದಲ್ಲೇ ಇದೆ. ಅದರ ನಡುವಿನ ಕೆಲವೇ ಸೆಕೆಂಡಿನ ಡ್ರಮ್ಮನ್ನು ಎಷ್ಟು ಹಾಡುಗಳು ಎತ್ತಿಕೊಂಡಿವೆಯೋ ಲೆಕ್ಕವೇ ಇಲ್ಲ. ನುಡಿಸಿದ ಗ್ರೆಗರಿ ಕೋಲ್ಮನ್‌ಗೆ ಮಾತ್ರ ಅದರಿಂದ ಒಂದು ಕಾಸು ರಾಯಲ್ಟಿ ಬರಲಿಲ್ಲ.

ಸುಮ್ನೆ ಒಂದು ಕಲೆಕ್ಷನ್ ಕೇಳಿ ನೋಡುತ್ತೇನೆ ಅನ್ನುವವರಿಗೆ ನಾನು ಹೇಳುವುದು ಆ ಕಾಲದ ರ‍್ಯಾಪರ್ ಕರ್ಟಿಸ್ ಬ್ಲೋ 1997ರಲ್ಲಿ ಆರಿಸಿಕೊಟ್ಟ ‘ಹಿಸ್ಟರಿ ಆಫ್ ರ‍್ಯಾಪ್’. ಒಟ್ಟು ಮೂರು ಭಾಗ. ಮೊದಲನೆಯದನ್ನು ಹಾಕಿದವರು ಮೋಸ ಹೋದೆವು ಅಂದುಕೊಳ್ಳಬಹುದು, ಯಾಕೆಂದರೆ ಅದು ರ‍್ಯಾಪ್ ಅಲ್ಲ. ಡಿಜೆಗಳು ಬ್ರೇಕ್ ಕಿತ್ತುಕೊಂಡ ಮೂಲ ಹಾಡುಗಳು. ಅದರಲ್ಲಿ ಇನ್‌ಕ್ರೆಡಿಬಲ್ ಬೊಂಗೊ ಬ್ಯಾಂಡ್‌ನ ‘ಅಪಾಚೆ’ ಇದೆ, 1973ರದ್ದು. ಇಯರ್‌ಫೋನ್ ಹಾಕಿಕೊಂಡೇ ಕೇಳಿ. ಬೊಂಗೊ ಮತ್ತು ಡ್ರಮ್ಮು ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತವೆ. ನಡುವೆ ಹಿತ್ತಾಳೆ ವಾದ್ಯಗಳು ದಢಕ್ಕನೆ ನುಗ್ಗುತ್ತವೆ, ಆಮೇಲೆ ಎಲ್ಲ ಸರಿದು ಬರೀ ತಾಳ ಉಳಿಯುತ್ತದೆ. ಹರ್ಕ್ ಯಾಕೆ ಇಂಥ ರೆಕಾರ್ಡುಗಳ ಲೇಬಲ್ ಕಿತ್ತು ಗುಟ್ಟು ಮಾಡಿದ ಅಂತ ಆ ಜಾಗದಲ್ಲಿ ಅರ್ಥವಾಗುತ್ತದೆ.

ಎಲ್ಲ ಕಲೆಕ್ಷನ್‌ಗಳೂ ಇಷ್ಟು ಚೆನ್ನಾಗಿಲ್ಲ. ಅಗ್ಗದ್ದರಲ್ಲಿ ಎರಡು ಕಾಟ. ಒಂದು, ಎಷ್ಟೋ ವರ್ಷ ಆದ ಮೇಲೆ ಅದೇ ಗಾಯಕರನ್ನು ಕೂರಿಸಿ ಮತ್ತೆ ಹಾಡಿಸಿ ಹಳೇ ಹೆಸರಿನಲ್ಲಿ ಮಾರುವುದು. ಇನ್ನೊಂದು, ಕತ್ತರಿ. ಷುಗರ್‌ಹಿಲ್ ಗ್ಯಾಂಗ್‌ನ 1979ರ ‘ರ‍್ಯಾಪರ್ಸ್ ಡಿಲೈಟ್’ 14 ನಿಮಿಷಕ್ಕೂ ಜಾಸ್ತಿ ಇದೆ. ಅದನ್ನು ಮೂರೋ ನಾಲ್ಕೋ ನಿಮಿಷಕ್ಕೆ ಇಳಿಸಿ ಹಾಕುತ್ತಾರೆ. ಪೂರ್ತಿ ಹಾಡಿನಲ್ಲಿ, ಬಹಳ ದೂರ ಹೋದ ಮೇಲೆ, ಗೆಳೆಯನ ಮನೆಗೆ ಊಟಕ್ಕೆ ಹೋದ ಕಥೆ ಬರುತ್ತದೆ. ಕೋಳಿ ಮರದ ಚೂರಿನ ಹಾಗಿದೆ, ಬಾಯಿಬಿಟ್ಟು ಹೇಳುವ ಹಾಗಿಲ್ಲ, ಅವರು ಇನ್ನೂ ಬಡಿಸುತ್ತಲೇ ಇದ್ದಾರೆ. ನಮ್ಮಲ್ಲಿ ನೆಂಟರ ಮನೆಗೆ ಹೋದವರು ಯಾರಾದರೂ ಇದನ್ನು ಬರೆಯಬಹುದಿತ್ತು, ಅಲ್ವಾ? ಇಷ್ಟು ನಿಧಾನದ ತಮಾಷೆಗೆ ಉದ್ದ ಬೇಕು. ಹಾಗೆಯೇ 1982ರ ‘ದಿ ಮೆಸೇಜ್’. ಕೊನೆಯಲ್ಲಿ ಬೀದಿ ಬದಿ ಮಾತಾಡುತ್ತ ನಿಂತ ಹುಡುಗರನ್ನು ಪೊಲೀಸರು ಬಂದು ಎತ್ತಾಕಿಕೊಂಡು ಹೋಗುತ್ತಾರೆ. ಅದನ್ನು ಕತ್ತರಿಸಿದ ಕಲೆಕ್ಷನ್ ನನ್ನ ಕಾರ್ಡಿನಲ್ಲಿ ಉಳಿಯುವುದಿಲ್ಲ.

ಅಂದ ಹಾಗೆ, ‘ದಿ ಮೆಸೇಜ್’ ಮೇಲೆ ಗ್ರಾಂಡ್‌ಮಾಸ್ಟರ್ ಫ್ಲಾಶ್ ಎಂಬ ಡಿಜೆಯ ಹೆಸರಿದೆ, ಆದರೆ ಸಂಗೀತ ಅವನದ್ದಲ್ಲ. ಹಾಡಿದ್ದು ಮೆಲಿ ಮೆಲ್ ಮತ್ತು ಡ್ಯೂಕ್ ಬೂಟಿ. ಆ ಕಾಲದ ರೆಕಾರ್ಡುಗಳದ್ದು ಇದೇ ಹಣೆಬರಹ. ಡಿಜೆಯಿಂದ ಹುಟ್ಟಿದ ಸಂಗೀತ, ಸ್ಟುಡಿಯೋಗೆ ಬಂದಾಗ ಡಿಜೆಯನ್ನೇ ಹೊರಗೆ ನಿಲ್ಲಿಸಿ ಬ್ಯಾಂಡ್ ಕೂರಿಸಿದರು. ಅದಕ್ಕೇ 1981ರ ‘ವೀಲ್ಸ್ ಆಫ್ ಸ್ಟೀಲ್’ ಇಲ್ಲದ ಕಲೆಕ್ಷನ್ ಅಪೂರ್ಣ ಅನ್ನುತ್ತೇನೆ. ಏಳು ನಿಮಿಷ ಫ್ಲಾಶ್ ಮೂರು ಟರ್ನ್‌ಟೇಬಲ್‌ಗಳಲ್ಲಿ ಷಿಕ್, ಕ್ವೀನ್, ಬ್ಲಾಂಡಿ ತಂಡಗಳ ಹಾಡುಗಳನ್ನೆಲ್ಲ ಕತ್ತರಿಸಿ ಅಂಟಿಸುತ್ತಾನೆ. ‘ಅಪಾಚೆ’ಯೂ ಇಣುಕುತ್ತದೆ. ಒಂದು ಲೆಕ್ಕದಲ್ಲಿ ಅದೇ ಒಂದು ಕಲೆಕ್ಷನ್.

ನಮ್ಮ ಜೀಪ್ ಡ್ರೈವರ್‌ಗೆ ಇದ್ಯಾವುದೂ ಬೇಡ. ‘ಪ್ಲಾನೆಟ್ ರಾಕ್’ ಹಾಡೊಂದೇ ಸಾಕು. ಜರ್ಮನಿಯ ತಂಡ ಕ್ರಾಫ್ಟ್‌ವರ್ಕ್‌ನ ರಾಗ, ಕೆಳಗೆ ರೋಲ್ಯಾಂಡ್ 808 ಯಂತ್ರದ ಡ್ರಮ್ಮು. ಡ್ಯಾಶ್‌ಬೋರ್ಡ್ ಗಡಗಡ ಅಂದಾಗ ಅವನ ಮುಖ ನೋಡಬೇಕು.

ಒಂದು ತಕರಾರು ಉಳಿದಿದೆ. ಈ ಪಟ್ಟಿಗಳನ್ನು ಮಾಡುವವರಿಗೆ ಹೆಂಗಸರು ಕೊನೆಗೆ ನೆನಪಾಗುತ್ತಾರೆ. ಪಾರ್ಟಿ ಇಟ್ಟವಳು ಸಿಂಡಿ, ‘ರ‍್ಯಾಪರ್ಸ್ ಡಿಲೈಟ್’ ಮಾಡಿಸಿದವಳು ಸಿಲ್ವಿಯಾ ರಾಬಿನ್‌ಸನ್. ‘ಫಂಕಿ ಫೋರ್ ಪ್ಲಸ್ ಒನ್’ ತಂಡದ ಆ ಒಂದು ಷಾ-ರಾಕ್ ಎಂಬ ಹುಡುಗಿ. ಅವರ ‘ದಟ್ಸ್ ದ ಜಾಯಿಂಟ್’ ಕೇಳಿದರೆ ಐದು ಜನ ಒಬ್ಬರ ಬಾಯಿಂದ ಇನ್ನೊಬ್ಬರು ಸಾಲು ಕಸಿದುಕೊಳ್ಳುವ ಮಜಾ ಗೊತ್ತಾಗುತ್ತದೆ. ಇನ್ನು ರಾಕ್ಸಾನ್ ಷಾಂಟೆ. 1984ರಲ್ಲಿ ಯುಟಿಎಫ್‌ಓ ತಂಡ ತಮಗೆ ಸೊಪ್ಪು ಹಾಕದ ಹುಡುಗಿಯ ಬಗ್ಗೆ ‘ರಾಕ್ಸಾನ್, ರಾಕ್ಸಾನ್’ ಹಾಡಿದಾಗ, 14 ವರ್ಷದ ಈಕೆ ಆ ಹುಡುಗಿಯ ಪರವಾಗಿ ಅದೇ ಬೀಟಿನ ಮೇಲೆ ತಂಡದ ಮೂವರು ರ‍್ಯಾಪರ್‌ಗಳನ್ನೂ ಒಬ್ಬೊಬ್ಬರಾಗಿ ಝಾಡಿಸಿದಳು. ಇದನ್ನು ಹಾಕಿದ ಕಲೆಕ್ಷನ್‌ನವರು ಅದನ್ನು ಬಿಡುತ್ತಾರೆ, ಅದನ್ನು ಹಾಕಿದವರು ಇದನ್ನು ಬಿಡುತ್ತಾರೆ. ಜಗಳ ಅಂದಮೇಲೆ ಎರಡು ಕಡೆಯದೂ ಕೇಳಬೇಕು. ನನ್ನ ಕಾರ್ಡಿನಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟಿದ್ದೇನೆ, ಯುಟಿಎಫ್‌ಓ ಮೊದಲು.