ಕಲ್ಮನೆಯ ಹೂವು

ನಡೆದಾಡುವಂತಾದರೆ ಕಾರ್ತಿಕ ಹುಣ್ಣಿಮೆಗೆ ಬಂದು ನನ್ನ ಕೈಯಾರೆ ಕಟ್ಟಿದ ಹೂ ಏರಿಸುತ್ತೇನೆ ಎಂದು ಅವ್ವ ಬನಶಂಕರಿಗೆ ಹರಕೆ ಹೊತ್ತಿದ್ದಳು. ಮಳೆಗಾಲವಿಡೀ ಮೊಣಕಾಲು ಹಿಡಿದು ಹೊಸ್ತಿಲು ದಾಟಿರಲಿಲ್ಲ. ದಸರೆಯ ಹೊತ್ತಿಗೆ ನೋವು ಪೂರ್ತಿ ಹೋಗದಿದ್ದರೂ ಗೋಡೆ ಹಿಡಿಯದೆ ಓಡಾಡತೊಡಗಿದಳು. ಹುಣ್ಣಿಮೆಯ ಹಿಂದಿನ ರಾತ್ರಿ ಹಿತ್ತಲಿನ ಸೇವಂತಿಗೆಯನ್ನೆಲ್ಲ ಬಿಡಿಸಿ ತಂದು, ಬಾಳೆನಾರು ನೆನೆಹಾಕಿ, ನಡುಮನೆಯಲ್ಲಿ ಕಾಲು ಚಾಚಿ ಕುಳಿತು ಮಾಲೆ ಕಟ್ಟಿದಳು. ಕೊಂಡ ಹೂ ಹರಕೆಗೆ ಸಲ್ಲುವುದಿಲ್ಲ ಎನ್ನುವುದು ಅವಳ ಗಟ್ಟಿ ನಂಬಿಕೆ. ನಾನು ಕಟ್ಟಿಕೊಡಲೇ ಅಂದರೆ ಅದಕ್ಕೂ ಒಪ್ಪಲಿಲ್ಲ.

ಬೆಳಗ್ಗೆ ಬಾದಾಮಿಗೆ ಬಂದು ಇಳಿದಾಗ ಇನ್ನೂ ಬಿಸಿಲೇರಿರಲಿಲ್ಲ. ಬನಶಂಕರಿಯಲ್ಲಿ ದೀಪ ಹಚ್ಚುವುದು ಸಂಜೆಗೆ. ಅಲ್ಲಿಯವರೆಗೆ ಗುಡ್ಡದ ಮೇಲಿನ ಗುಹೆಗುಡಿಗಳನ್ನು, ಮೇಣಬಸದಿಯನ್ನು, ನೋಡೋಣ ಅಂದೆ. ಎಷ್ಟೋ ಸಲ ಈ ದಾರಿಯಲ್ಲಿ ಓಡಾಡಿದ್ದರೂ ಅವ್ವ ಆ ಗುಡ್ಡ ಹತ್ತಿರಲಿಲ್ಲ. "ದೇವರ ಅದಾನಲ್ಲ ಮ್ಯಾಲೆ? ಹಂಗಾರ ನಡಿ" ಅಂದಳು.

ಬಾದಾಮಿಯ ಕೆಂಪು ಮರಳುಗಲ್ಲಿನ ಗುಡ್ಡವನ್ನು ಕೆಳಗಿನಿಂದ ನೋಡಿದರೆ ಗುಹೆಗಳು ಬರೀ ಕತ್ತಲ ಚೌಕಗಳ ಹಾಗೆ ಕಾಣುತ್ತವೆ. ಮೆಟ್ಟಿಲು ಹತ್ತಿ ಮೊದಲ ಗುಹೆಯ ಬಲಕ್ಕೆ ತಿರುಗಿದ್ದೇ ಹದಿನೆಂಟು ಕೈಗಳ ನಟರಾಜ ಎದುರಾಗುತ್ತಾನೆ. ಎಡಗೈ ಒಂಬತ್ತು, ಬಲಗೈ ಒಂಬತ್ತು. ಎಡಗಡೆಯ ಯಾವುದೇ ಒಂದು ಕೈಯನ್ನು ಬಲಗಡೆಯ ಒಂದರ ಜೊತೆ ಸೇರಿಸಿ ನೋಡಿದರೂ ಒಂದು ನಾಟ್ಯಭಂಗಿ, ಒಟ್ಟು ಎಂಬತ್ತೊಂದು ಎಂದು ಗೈಡುಗಳು ಹೇಳುತ್ತಾರೆ. ಅವ್ವ ಎಣಿಸಲಿಲ್ಲ. ಅವನ ಪಕ್ಕದಲ್ಲಿ ನಿಂತ ಪುಟ್ಟ ಗಣಪತಿಯನ್ನು ನೋಡಿ "ಅಪ್ಪ ಕುಣಿಯೂದು ನೋಡಾಕ ಮಗಾನೂ ಬಂದಾನ" ಅಂದಳು. ನಾನು ಅಲ್ಲಿಗೆ ನಾಲ್ಕೈದು ಸಲ ಹೋಗಿದ್ದರೂ ಆ ಗಣಪತಿಯನ್ನು ಹಾಗೆ ನೋಡಿರಲಿಲ್ಲ.

ಮೇಲಿನ ಗುಹೆಗೆ ಹತ್ತುವಾಗ ಮಂಗಗಳ ಕಾಟ. ಹೂವಿನ ಪೊಟ್ಟಣದ ಮೇಲೆ ಒಂದರ ಕಣ್ಣು ಬಿತ್ತು. ಅವ್ವ ಒದ್ದೆ ಬಟ್ಟೆಯ ಸಮೇತ ಮಾಲೆಯನ್ನು ಉಡಿಯೊಳಗೆ ಸೇರಿಸಿ ಸೆರಗು ಬಿಗಿದು ಸಿಕ್ಕಿಸಿಕೊಂಡಳು. ಬಸುರಿ ಹೆಂಗಸು ಹೊಟ್ಟೆ ಹಿಡಿದುಕೊಳ್ಳುವ ಹಾಗೆ ಒಂದು ಕೈ ಅಲ್ಲೇ ಇಟ್ಟುಕೊಂಡು ಹತ್ತಿದಳು. ಎರಡನೇ ಗುಹೆಯ ತ್ರಿವಿಕ್ರಮನನ್ನು ನಿಂತೇ ನೋಡಿ, ಕೈಮುಗಿದು ಮುಂದೆ ಹೋದೆವು. ಕಾಲಿನ ಶಕ್ತಿಯನ್ನು ಮೂರನೆಯದಕ್ಕೆ ಉಳಿಸಿಕೊಳ್ಳಬೇಕಿತ್ತು.

ಮೂರನೆಯ ಗುಹೆಯೇ ಎಲ್ಲಕ್ಕಿಂತ ದೊಡ್ಡದು. ಮೊಗಸಾಲೆಯ ಒಂದು ತುದಿಯಲ್ಲಿ ವಿಷ್ಣು ಆದಿಶೇಷನ ಸುರುಳಿಯ ಮೇಲೆ ಕುಳಿತಿದ್ದಾನೆ. ಶೇಷನ ಮೇಲೆ ಮಲಗಿದ ವಿಷ್ಣುವನ್ನೇ ಕಂಡು ಅಭ್ಯಾಸವಾದ ಕಣ್ಣಿಗೆ ಈತ ಬೇರೆಯೇ ಅನಿಸುತ್ತಾನೆ. ಮನೆಯ ಯಜಮಾನ ಪಡಸಾಲೆಯಲ್ಲಿ ಕುಳಿತು ಬಂದವರ ಕಷ್ಟ ಸುಖ ಕೇಳುವ ಹಾಗೆ ಒಂದು ಕಾಲು ಮಡಿಸಿ ಆರಾಮಾಗಿದ್ದಾನೆ, ತಲೆಯ ಮೇಲೆ ಹೆಡೆಗಳ ನೆರಳು. ಪಕ್ಕದಲ್ಲಿ ಭೂದೇವಿಯನ್ನು ಎತ್ತಿ ಹಿಡಿದ ವರಾಹ. ಅಲ್ಲೇ ನರಸಿಂಹ, ಹರಿಹರ. ಎಲ್ಲರೂ ಆಳೆತ್ತರ ಮೀರಿದವರು. ಅವ್ವ ಕುಳಿತ ವಿಷ್ಣುವಿನ ಎದುರು ನಿಂತು ಉಡಿಗೆ ಕೈ ಹಾಕಿದಳು.

ಕಾವಲಿನವರು ಮೆಲ್ಲಗೆ ಹೇಳಿದರು: "ಯವ್ವಾ, ಇಲ್ಲಿ ಹೂ ಕಾಯಿ ನಡ್ಯಂಗಿಲ್ರೀ. ನೋಡ್ಕೊಂಡು ಹೋಗಬೇಕ್ರಿ."

"ಇವು ಬನಶಂಕ್ರಿಗಿ ತಂದಿದ್ದು ಬಿಡಪಾ. ಹೂ ಒಣಗ್ಯಾವೇನಂತ ಮುಟ್ಟಿ ನೋಡಿದ್ನಿ" ಎಂದು ಅವ್ವ ಕೈ ತೆಗೆದಳು. ಆಮೇಲೆ ನನ್ನ ಕಡೆ ತಿರುಗಿ, "ಹಂಗಾರ ಇವರಿಗಿ ಹೂ ಏರಸೂರು ಯಾರು ತಮ್ಮಾ?" ಎಂದು ಕೇಳಿದಳು.

ಗರ್ಭಗುಡಿಯೊಳಗೆ ಬರೀ ಪೀಠವಿದೆ, ಮೂರ್ತಿ ಇಲ್ಲ. ದೀಪವಿಲ್ಲ, ಗಂಟೆ ಇಲ್ಲ, ತೀರ್ಥ ಕೊಡುವ ಕೈಯಿಲ್ಲ. ಪುರಾತತ್ವ ಇಲಾಖೆಯವರು ಕಾಪಾಡುತ್ತಿರುವುದರಿಂದ ಇಷ್ಟಾದರೂ ಉಳಿದಿದೆ, ಎಣ್ಣೆ ಕುಂಕುಮ ಮೆತ್ತಿದ್ದರೆ ಆ ಮುಖಗಳ ನಗು ನಮಗೆ ಕಾಣುತ್ತಿರಲಿಲ್ಲ. ಅದೆಲ್ಲ ನನಗೆ ಗೊತ್ತು, ಒಪ್ಪಿಗೆಯೂ ಇದೆ. ಆದರೂ ಅವ್ವನ ಪ್ರಶ್ನೆಗೆ ಅದು ಉತ್ತರವಲ್ಲ. ಉತ್ತರ ಆ ಬಂಡೆಯ ಮೇಲೆಯೇ ಇತ್ತು. ಅವಳಿಗೆ ಅದನ್ನು ಹೇಳಬೇಕೆಂದೇ ನಾನು ಕರೆತಂದಿದ್ದೆ ಅಂತ ಆಗ ಅನ್ನಿಸಿತು.

ಈ ಗುಹೆಯನ್ನು ಮಾಡಿಸಿದವನು ಮಂಗಲೇಶ, ಚಾಲುಕ್ಯರ ದೊರೆ ಒಂದನೇ ಕೀರ್ತಿವರ್ಮನ ತಮ್ಮ. ಶಕ ವರ್ಷ 500, ಅಂದರೆ ಕ್ರಿ.ಶ. 578, ಕಾರ್ತಿಕ ಹುಣ್ಣಿಮೆಯಂದು ಇಲ್ಲಿ ವಿಷ್ಣುವಿನ ಪ್ರತಿಷ್ಠೆಯಾಯಿತೆಂದು ಒಳಗಿನ ಸಂಸ್ಕೃತ ಶಾಸನ ಹೇಳುತ್ತದೆ. ನಾವು ನಿಂತದ್ದೂ ಅದೇ ತಿಥಿಯಂದು. ಆ ಶಾಸನದಲ್ಲಿ ನನ್ನ ಮನಸ್ಸು ಹಿಡಿದಿರುವುದು ಇನ್ನೊಂದು ಮಾತು. ಈ ಪುಣ್ಯದ ಫಲವೆಲ್ಲ ನನ್ನಣ್ಣನಿಗೆ ಸೇರಲಿ, ಅಣ್ಣನ ಸೇವೆ ಮಾಡಿದ ಫಲ ಮಾತ್ರ ನನಗಿರಲಿ ಎಂದು ಮಂಗಲೇಶ ಬರೆಸಿದ್ದಾನೆ. ಮುಂದೆ ಅದೇ ಅಣ್ಣನ ಮಗ ಇಮ್ಮಡಿ ಪುಲಕೇಶಿಯೊಂದಿಗೆ ಗದ್ದುಗೆಗಾಗಿ ಹೋರಾಡಿ ಮಂಗಲೇಶ ರಾಜ್ಯವನ್ನೂ ಜೀವವನ್ನೂ ಕಳೆದುಕೊಂಡ. ಐಹೊಳೆಯ ಮೇಗುಟಿ ಬಸದಿಯ ಮೇಲೆ ರವಿಕೀರ್ತಿ 634ರಲ್ಲಿ ಕೆತ್ತಿಸಿದ ಶಾಸನ ಆ ಕಥೆ ಹೇಳುತ್ತದೆ. ಮನುಷ್ಯ ಆಮೇಲೆ ಏನಾದ ಎಂಬುದರಿಂದ ಆ ಹುಣ್ಣಿಮೆಯ ದಿನದ ಅವನ ಮಾತು ಸುಳ್ಳಾಗುತ್ತದೆಂದು ನಾನು ಒಪ್ಪಲಾರೆ. ದೇವರ ಎದುರು ನಿಂತಾಗ ಅವನು ತಮ್ಮನಾಗಿಯೇ ನಿಂತಿದ್ದ.

ಅದು ಸಂಸ್ಕೃತ. ಹೊರಗಿನ ಬಂಡೆಯ ಮೇಲೆ ಒಂದು ಪುಟ್ಟ ಕನ್ನಡ ಶಾಸನವಿದೆ, ಅದೂ ಮಂಗಲೇಶನದೇ. ಕನ್ನಡದ ಬಹು ಹಳೆಯ ಬರಹಗಳಲ್ಲಿ ಒಂದು. ಅದರಲ್ಲಿ ಈ ಗುಹೆಗೆ ಗುಹೆ ಎಂಬ ಹೆಸರಿಲ್ಲ. 'ಕಲ್ಮನೆ' ಎಂದಿದೆ. ಕಲ್ಲಿನ ಮನೆ. ಈ ಕಲ್ಮನೆಗೆ ಲಂಜಿಗೇಸರ ಎಂಬ ಊರನ್ನು ಕೊಟ್ಟದ್ದು, ದೇವರಿಗೆ ಹೂ ಒದಗಿಸುವ ಮಾಲೆಗಾರರಿಗೆ ಅದರಲ್ಲಿ ಪಾಲು, ಇದನ್ನು ಕೆಡಿಸಿದವನು ಪಂಚಮಹಾಪಾತಕಿ, ಅವನು ಏಳನೆಯ ನರಕದ ಹುಳುವಾಗುತ್ತಾನೆ. ಇಷ್ಟೇ. ಅರಸು ಮನೆತನದವನು ತನ್ನ ಗೆಲುವನ್ನಾಗಲಿ ಬಿರುದಿನ ಸಾಲನ್ನಾಗಲಿ ಇಲ್ಲಿ ಬರೆಸಲಿಲ್ಲ. ಊರಿನ ಜನಕ್ಕೆ ತಿಳಿಯುವ ಮಾತಿನಲ್ಲಿ ಹೂ ಕಟ್ಟುವವರ ಪಾಲನ್ನು ಬರೆಸಿದ.

ಅವ್ವನಿಗೆ ಇದನ್ನೆಲ್ಲ ಹೇಳಿದೆ. ಅವಳು ಬಂಡೆಯ ಕಡೆ ಬಹಳ ಹೊತ್ತು ನೋಡಿದಳು.

"ಆ ಹೂಗಾರರ ಹೆಸರು ಬರದಾರೇನು?"

"ಹೆಸರಿಲ್ಲವ್ವ. ಮಾಲೆಗಾರರು ಅಂತಷ್ಟ ಅದ."

"ಇರ್ಲಿ. ಪಾಲು ಬರದಾರಲ್ಲ" ಅಂದಳು.

ಹದಿನಾಲ್ಕು ನೂರು ವರ್ಷಗಳ ಹಿಂದೆ ಈ ಮೆಟ್ಟಿಲ ದಾರಿಯಲ್ಲಿ ದಿನಾ ನಸುಕಿನಲ್ಲಿ ಯಾರೋ ಹೂಬುಟ್ಟಿ ಹೊತ್ತು ಹತ್ತುತ್ತಿದ್ದರು. ಚಳಿಗಾಲದಲ್ಲಿ ಅವರ ಬೆರಳು ಮರಗಟ್ಟಿರಬೇಕು, ನೆನೆಸಿದ ನಾರು ಇನ್ನೂ ತಣ್ಣಗಿದ್ದಿರಬೇಕು. ಬಂಡೆ ಕಡಿದವರ ಕೆಲಸ ಒಂದು ದಿನ ಮುಗಿಯಿತು. ಹೂ ಕಟ್ಟುವವರ ಕೆಲಸಕ್ಕೆ ಮುಗಿಯುವುದೆಂಬುದೇ ಇಲ್ಲ. ಇವತ್ತು ಏರಿಸಿದ್ದು ನಾಳೆ ನಿರ್ಮಾಲ್ಯ, ನಾಳೆ ಮತ್ತೆ ಕಟ್ಟಬೇಕು. ಕಲ್ಲಿನ ಮನೆ ಕಟ್ಟಿಸಿದವನಿಗೆ ಆ ಮನೆ ನಡೆಯುವುದು ಒಂದೇ ದಿನ ಬಾಳುವ ಹೂವಿನ ಮೇಲೆ ಎಂದು ಗೊತ್ತಿತ್ತು.

ಕಲ್ಮನೆಯ ಕನಸು ಆಗ ದಕ್ಷಿಣದ ತುಂಬ ಹಬ್ಬಿತ್ತು. ಕೆಲವು ದಶಕಗಳ ನಂತರ ತಮಿಳುನಾಡಿನ ಮಂಡಗಪಟ್ಟಿನಲ್ಲಿ ಪಲ್ಲವರ ಒಂದನೇ ಮಹೇಂದ್ರವರ್ಮ ಇಟ್ಟಿಗೆ, ಮರ, ಲೋಹ, ಗಾರೆ ಯಾವುದೂ ಇಲ್ಲದೆ ಬ್ರಹ್ಮ, ಈಶ್ವರ, ವಿಷ್ಣುವಿಗೆ ಮನೆ ಮಾಡಿದೆನೆಂದು ಶಾಸನ ಬರೆಸಿದ. ಅದನ್ನು ಓದಿದಾಗ ನನಗೆ ಮಂಗಲೇಶನ ಮಾಲೆಗಾರರೇ ನೆನಪಾಗುತ್ತಾರೆ, ಇಟ್ಟಿಗೆ ಬೇಡವಾದ ದೇವರಿಗೂ ಹೂವು ಬೇಕಲ್ಲ! ಪುದುಕೋಟೆಯ ಹತ್ತಿರದ ಸಿತ್ತನ್ನವಾಸಲ್ ಜೈನ ಗುಹೆಯ ಚಾವಣಿಯಲ್ಲಂತೂ ಹೂ ಕೊಯ್ಯುವವರೇ ಇದ್ದಾರೆ. ತಾವರೆ ತುಂಬಿದ ಕೊಳ, ಮೀನು, ಆನೆ, ಹಂಸ, ನಡುವೆ ನೀರಿಗಿಳಿದು ತಾವರೆ ಕೀಳುತ್ತಿರುವ ಭವ್ಯರು, ಜೈನರ ಮಾತಿನಲ್ಲಿ ಮೋಕ್ಷಕ್ಕೆ ಅರ್ಹರಾದವರು. ಕತ್ತೆತ್ತಿ ನೋಡುತ್ತ ಅಲ್ಲಿ ಕುಳಿತ ಒಂದು ಮಧ್ಯಾಹ್ನ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಬಣ್ಣ ಎಷ್ಟೋ ಕಡೆ ಉದುರಿದೆ. ಹೂ ಹಿಡಿದ ಕೈ ಇನ್ನೂ ಹಿಡಿದೇ ಇದೆ.

ಬಾದಾಮಿಯಲ್ಲಿ ನಾಲ್ಕನೆಯದು ಜೈನರ ಗುಹೆ. ಶಿವ, ವಿಷ್ಣು, ಜಿನ ಮೂವರೂ ಒಂದೇ ಬಂಡೆಯಲ್ಲಿ, ಒಂದೇ ಮೆಟ್ಟಿಲ ಸಾಲಿನಲ್ಲಿ. ಅವ್ವನಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ, ಮೂರನೆಯದರಿಂದ ಬಂದವಳು ಹಾಗೆಯೇ ಕೈಮುಗಿದುಕೊಂಡು ಒಳಗೆ ಬಂದಳು. ಗರ್ಭಗುಡಿಯಲ್ಲಿ ಮಹಾವೀರ. ಮೊಗಸಾಲೆಯ ಒಂದು ಕಡೆ ಹೆಡೆಯ ನೆರಳಿನ ಪಾರ್ಶ್ವನಾಥ, ಇನ್ನೊಂದು ಕಡೆ ಬಾಹುಬಲಿ. ಶ್ರವಣಬೆಳಗೊಳದ ಗೊಮ್ಮಟನಿಗಿಂತ ಶತಮಾನಗಳಷ್ಟು ಹಳಬ ಈತ. ಆಕಾಶಕ್ಕೆ ಮುಟ್ಟುವ ಎತ್ತರವಿಲ್ಲ, ನಮ್ಮ ಹತ್ತಿರವೇ ನಿಂತಿದ್ದಾನೆ. ಹೆಗಲ ಮೇಲೆ ಕೂದಲ ಎಳೆಗಳು ಇಳಿಬಿದ್ದಿವೆ. ಬಳ್ಳಿ ಕಾಲಿನಿಂದ ಏರಿ ತೊಡೆ ಸುತ್ತಿ ತೋಳಿಗೆ ಹಬ್ಬಿದೆ. ಹತ್ತಿರ ಹೋಗಿ ನೋಡಿದರೆ ಬಳ್ಳಿಯ ಸುತ್ತು ಬಿಗಿಯಾಗಿಲ್ಲ, ಮಗುವಿನ ಕೈಗೆ ದಾರ ಕಟ್ಟುವಷ್ಟು ಸಡಿಲ.

ಅವ್ವ ಇಲ್ಲಿ ಉಡಿಗೆ ಕೈ ಹಾಕಲಿಲ್ಲ. "ಇವಗ ಅಡವಿನ ಮಾಲಿ ಹಾಕೇತಿ" ಅಂದಳು.

ನಾನು ಏನೂ ಹೇಳದೆ ನಿಂತೆ. ಕೆಳಗೆ ಅಗಸ್ತ್ಯ ತೀರ್ಥದ ನೀರು ಬಿಸಿಲಿಗೆ ಹಸುರಾಗಿ ಹೊಳೆಯುತ್ತಿತ್ತು. ಆಚೆ ದಂಡೆಯಲ್ಲಿ ಭೂತನಾಥನ ಗುಡಿ, ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಸಪ್ಪಳ ಬಂಡೆಗೆ ಬಡಿದು ಎರಡೆರಡು ಸಲ ಕೇಳುತ್ತಿತ್ತು. ಬಿಟ್ಟು ನಡೆದವನಿಗೆ ಬಳ್ಳಿ, ಮನೆ ಮಾಡಿ ಕುಳಿತವನಿಗೆ ಮಾಲೆ. ಇಬ್ಬರ ಎದುರೂ ತಲೆ ತಾನಾಗಿ ಬಾಗುತ್ತದೆ, ನಾನು ಇದಕ್ಕೆ ಕಾರಣ ಹುಡುಕಲು ಹೋಗಿಲ್ಲ.

ಇಳಿಯುವಾಗ ಅವ್ವ ಮೂರನೆಯ ಗುಹೆಯ ಎದುರು ಮತ್ತೆ ನಿಂತಳು. ಒಳಗೆ ಹೋಗಲಿಲ್ಲ. ಅಂಗಳದಲ್ಲೇ ನಿಂತು, ಸೆರಗಿನೊಳಗೆ ಮಾಲೆಯಿದ್ದ ಕಡೆ ಎರಡೂ ಅಂಗೈ ಇಟ್ಟುಕೊಂಡು ಕಣ್ಣು ಮುಚ್ಚಿದಳು. ತುಟಿ ಅಲುಗುತ್ತಿತ್ತು. ಕಾವಲಿನವರು ನೋಡಿದರು, ಏನೂ ಅನ್ನದೆ ಮುಖ ಬೇರೆ ಕಡೆ ತಿರುಗಿಸಿದರು. ಆ ಹೊತ್ತಿನಲ್ಲಿ ನನಗೆ ಆ ಖಾಲಿ ಪೀಠ ಖಾಲಿ ಅನಿಸಲಿಲ್ಲ.

ಬನಶಂಕರಿಗೆ ಬಂದಾಗ ಸಂಜೆ. ಹೊಂಡದ ಸುತ್ತಲಿನ ಮಂಟಪಸಾಲಿನಲ್ಲಿ ಜನ ಹಣತೆ ಹಚ್ಚುತ್ತಿದ್ದರು. ಬೆಳಗಿನಿಂದ ಉಡಿಯ ಬಿಸಿಗೆ ಸೇವಂತಿಗೆಯ ಅಂಚು ಸ್ವಲ್ಪ ಕಂದಿತ್ತು. ಅವ್ವ ಅದನ್ನು ಬಿಡಿಸಿ ಪೂಜಾರಿಗಳ ಕೈಗೆ ಕೊಟ್ಟಳು, ಮಾಲೆ ಸಿಂಹವಾಹಿನಿಯ ಕೊರಳಿಗೆ ಏರಿತು. ಮಂಗಳಾರತಿಯ ಬೆಳಕಿನಲ್ಲಿ ಅದೊಂದೇ ಮಾಲೆ ನನಗೆ ಕಂಡದ್ದು. ಅವ್ವನ ಕಣ್ಣಲ್ಲಿ ನೀರಿತ್ತು.

ಹೊರಗೆ ಹೂ ಮಾರುವವರ ಸಾಲು. ಒಬ್ಬ ನಡುವಯಸ್ಸಿನ ಹೆಂಗಸು ಬುಟ್ಟಿಯ ಮುಂದೆ ಕುಳಿತು, ಯಾರ ಜೊತೆಗೋ ಮಾತಾಡುತ್ತಲೇ ಕೈ ನೋಡದೆ ಹೂ ಕಟ್ಟುತ್ತಿದ್ದಳು. ಅವ್ವ ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಆ ಮೊಣಕಾಲಿನಲ್ಲಿ! ಒಂದು ಮೊಳ ಮಲ್ಲಿಗೆ ಕೊಂಡು, ದುಡ್ಡು ಕೊಟ್ಟು, ಆ ಹೂವನ್ನು ತಿರುಗಿ ಅವಳ ಕೈಗೇ ಇಟ್ಟಳು.

"ನಿನಗ ತಂಗಿ. ಮುಡಕೋ."

ಆಕೆ ಮೊದಲು ಗಾಬರಿಯಾದಳು, ಆಮೇಲೆ ನಕ್ಕಳು. "ಯಕ್ಕಾ, ದಿನಾ ಬುಟ್ಟಿಗಟ್ಟಲೆ ಕಟ್ಟತೀನಿ, ನನಗ ಯಾರೂ ಕೊಟ್ಟಿದ್ದಿಲ್ಲ ನೋಡು" ಎಂದು ಬೆರಳಿನ ನಾರು ಬಿಡಿಸಿಕೊಂಡು ತುರುಬಿಗೆ ಕೈ ಹಾಕಿದಳು. ಹಿಂದೆ ಸಿಕ್ಕಿಸಿಕೊಳ್ಳಲು ಎಟುಕಲಿಲ್ಲ. ಅವ್ವ ಎದ್ದು ಅವಳ ಬೆನ್ನ ಹಿಂದೆ ಹೋಗಿ ತಾನೇ ಮುಡಿಸಿದಳು.