ಆರು ಚಕ್ರವೂ ನೆಲ ಮುಟ್ಟುವ ಕಾಗದದ ರೋವರ್

2012ರ ಆಗಸ್ಟ್‌ನಲ್ಲಿ ಮಂಗಳಕ್ಕಿಳಿದ ನಾಸಾದ ರೋವರ್ ಕ್ಯೂರಿಯಾಸಿಟಿಯ ಕಾಗದದ ಮಾದರಿ ಮಾಡಲು ಕೂತರೆ ಕಣ್ಣು ಮೊದಲು ಹೋಗುವುದು ಕ್ಯಾಮೆರಾ ಕಂಬದ ಮೇಲೆ. ಕೈ ಹಾಕಬೇಕಾದದ್ದು ಮಾತ್ರ ಚಕ್ರಗಳಿಗೆ. ಆರರಲ್ಲಿ ಒಂದು ಮೇಜಿನಿಂದ ಅರ್ಧ ಮಿಲಿಮೀಟರ್ ಮೇಲೆದ್ದು ನಿಂತರೂ ಇಡೀ ಕೆಲಸ ಕಳೆಗುಂದುತ್ತದೆ.

1:24 ಅಳತೆ ಕೈಗೆ ಒಗ್ಗುತ್ತದೆ. ನಿಜವಾದ ಚಕ್ರದ ವ್ಯಾಸ 50 ಸೆಂ.ಮೀ., ಅಗಲ 40 ಸೆಂ.ಮೀ.; ಇಲ್ಲಿ 20.8 ಮತ್ತು 16.7 ಮಿ.ಮೀ. ಪ್ರಿಂಟ್ ತೆಗೆಯುವಾಗ ‘ಪುಟಕ್ಕೆ ಹೊಂದಿಸು’ ಆಯ್ಕೆ ಬಿಟ್ಟು 100% ಇಡಬೇಕು. ಒಂದು ಹಾಳೆ ಕುಗ್ಗಿದರೂ ಮುಂದೆ ಯಾವ ತೂತಿಗೂ ಯಾವ ಕಡ್ಡಿಯೂ ಕೂರುವುದಿಲ್ಲ.

ಚಕ್ರದ ಪಟ್ಟಿಗೆ 200 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕದ ಅಳತೆ) ಕಾಗದ ಸಾಕು. ಕತ್ತರಿಸುವ ಮೊದಲು ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆ ಸಲೀಸಾಗಿ ಬಾಗುತ್ತದೋ ಆ ಕಡೆಗೇ ಪಟ್ಟಿ ಸುತ್ತಬೇಕು. ಎಳೆಗೆ ವಿರುದ್ಧವಾಗಿ ಸುತ್ತಿದರೆ ಚಕ್ರ ಗುಂಡಗಾಗದೆ ಮೂಲೆ ಮೂಲೆಯಾಗುತ್ತದೆ. ಪಟ್ಟಿಯ ಉದ್ದ ಲೆಕ್ಕ ಹಾಕುವಾಗ ಕಾಗದದ ದಪ್ಪವನ್ನೂ ಹಿಡಿಯಬೇಕು: ದಪ್ಪ 0.25 ಮಿ.ಮೀ. ಇದ್ದರೆ ಪಟ್ಟಿಯೊಳಗೆ ಕೂರುವ ದುಂಡು ತಟ್ಟೆಯ ವ್ಯಾಸ 20.3, ಪಟ್ಟಿಯ ಉದ್ದ 64.6 ಮಿ.ಮೀ. ಹೊರವ್ಯಾಸ ನೋಡಿ 65.3 ಕತ್ತರಿಸಿದರೆ ಬಳೆ ತಟ್ಟೆಯ ಮೇಲೆ ಸಡಿಲವಾಗುತ್ತದೆ. ತುದಿಗಳನ್ನು ಒಂದರ ಮೇಲೊಂದು ಅಂಟಿಸಬೇಡಿ, ಅಲ್ಲಿ ಉಬ್ಬು ಬಂದು ಚಕ್ರ ಕುಂಟುತ್ತದೆ. ತುದಿಗೆ ತುದಿ ತಾಗಿಸಿ ಒಳಗಡೆ 5 ಮಿ.ಮೀ. ಅಗಲದ ತುಂಡು ಹಚ್ಚಿ; ತಟ್ಟೆ ಕೂರುವ ಕಡೆ ಮಾತ್ರ ಆ ತುಂಡು ಇರಬಾರದು. ಚಕ್ರದ ಮೇಲಿನ 24 ಅಂಕುಡೊಂಕು ಏಣುಗಳನ್ನು 2.7 ಮಿ.ಮೀ.ಗೊಂದರಂತೆ, ಅಂಟಿನಲ್ಲಿ ಅದ್ದಿದ ಹೊಲಿಗೆ ದಾರದಿಂದ ಮೂಡಿಸಬಹುದು. ನಿಧಾನದ ಕೆಲಸ, ಆದರೆ ಮುದ್ರಿಸಿದ ಗೆರೆಗೆ ಈ ಜೀವ ಬರುವುದಿಲ್ಲ.

ಕಾಲುಗಳಿಗೆ 80 ಜಿಎಸ್‌ಎಂ ಕಾಗದವನ್ನು 2 ಮಿ.ಮೀ. ತಂತಿಗೆ ಮೂರು ಸುತ್ತು ಸುತ್ತಿ, ಅಂಟು ಒಣಗುವ ಮೊದಲೇ ತಂತಿಯನ್ನು ತಿರುಗಿಸಿ ಹೊರಗೆಳೆಯಬೇಕು. ಬಿಳಿ ಅಂಟು ತೆಳ್ಳಗಿರಲಿ. ಹೆಚ್ಚಾದರೆ ನೀರು ಕುಡಿದ ಕಾಗದ ಸೊಟ್ಟಗಾಗುತ್ತದೆ. ಪ್ರತಿ ಬದಿಯಲ್ಲಿ ಮುಂದಿನ ಚಕ್ರ ರಾಕರ್‌ಗೆ (ಒಡಲಿಗೆ ಕೀಲಿನಿಂದ ಸೇರುವ ಉದ್ದ ಕಾಲು), ನಡುವಿನ ಮತ್ತು ಹಿಂದಿನ ಚಕ್ರಗಳು ಬೋಗಿಗೆ (ರಾಕರ್‌ನ ಹಿಂತುದಿಗೆ ಕೀಲಿನಿಂದ ಸೇರುವ ಚಿಕ್ಕ ಕಾಲು) ಸೇರುತ್ತವೆ. ಈ ಕೀಲುಗಳಿಗೆ ಅಂಟು ತಾಗಿಸದೆ ಗುಂಡುಸೂಜಿಯ ತುಂಡು ಹಾಕಿ.

ಒಡಲಿನ ಮೇಲೆ ಅಡ್ಡಲಾಗಿ ಕೂರುವ ಡಿಫರೆನ್ಷಿಯಲ್ ಕಡ್ಡಿಯನ್ನು ಅಲಂಕಾರವೆಂದು ಅಂಟಿಸಿಬಿಡುವವರೇ ಹೆಚ್ಚು. ಎಡ ಮತ್ತು ಬಲ ರಾಕರ್‌ಗಳನ್ನು ಬೆಸೆಯುವುದೇ ಅದು. ಅದಿಲ್ಲದಿದ್ದರೆ ಒಡಲು ಮುಂದಕ್ಕೋ ಹಿಂದಕ್ಕೋ ವಾಲಿಬೀಳುತ್ತದೆ. ನಡುವೆ ಸೂಜಿಯ ಮೇಲೆ ತಿರುಗುವಂತೆ ಬಿಟ್ಟು ಎಡಗಡೆಯ ಮುಂದಿನ ಚಕ್ರದ ಕೆಳಗೆ ಪೆನ್ಸಿಲ್ ಇಡಿ: ಎಡ ರಾಕರ್ ಎಷ್ಟು ಎದ್ದಿತೋ ಒಡಲು ಅದರ ಅರ್ಧದಷ್ಟೇ ಓರೆಯಾಗುತ್ತದೆ, ಉಳಿದ ಐದೂ ಚಕ್ರ ನೆಲ ಬಿಡುವುದಿಲ್ಲ. ಕಾಗದ ಇಷ್ಟು ಚೆನ್ನಾಗಿ ಯಂತ್ರದ ಮಾತು ಕೇಳುವುದನ್ನು ನೋಡುವ ಖುಷಿಯೇ ಬೇರೆ.

ಉಳಿದದ್ದು ಬೇಗ ಸಾಗುತ್ತದೆ. ಹಿಂಬದಿಯ ವಿದ್ಯುತ್ ಮೂಲಕ್ಕೆ 8 ರೆಕ್ಕೆ, 45 ಡಿಗ್ರಿಗೊಂದು. ಕತ್ತರಿಸಿದ ಬಿಳಿ ಅಂಚುಗಳಿಗೆ ಅಂಟಿಸುವ ಮುಂಚೆಯೇ ಬೂದು ಬಣ್ಣದ ಪೆನ್ಸಿಲ್ ಸವರಬೇಕು. 2.1 ಮೀಟರ್ ಕೈ ಇಲ್ಲಿ 8.8 ಸೆಂ.ಮೀ. ಆಗುತ್ತದೆ, ಚಾಚಿ ನಿಲ್ಲಿಸುವುದಾದರೆ ಒಳಗೆ ತಂತಿ ಇರಲೇಬೇಕು, ಇಲ್ಲದಿದ್ದರೆ ಮೊಣಕೈ ದಿನಕಳೆದಂತೆ ಜೋಲುತ್ತದೆ.